ಕೊನೆಯ ಸೂಜಿ

ಹೋದ ವಾರ ಶೇಂಗಾ ಮಾರಲು ಚಳ್ಳಕೆರೆಗೆ ಹೋಗಿದ್ದಾಗ ಮೊಣಕಾಲು ಹಿಡಿದುಕೊಂಡಿತು. ಮೆಡಿಕಲ್ ಶಾಪಿನಲ್ಲಿ ಒಂದು ಮುಲಾಮಿನ ಟ್ಯೂಬು ಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತು, ಸೀರೆ ಒಂದಿಷ್ಟು ಮೇಲೆತ್ತಿ ಹಚ್ಚಿಕೊಂಡೆ. ಅರವತ್ತು ದಾಟಿದ ಮೇಲೆ ನಾಚಿಕೆಗಿಂತ ಮೊಣಕಾಲು ದೊಡ್ಡದು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಕಾಂಪೌಂಡರ್ ಮಾವ ಪಕ್ಕದಲ್ಲೇ ಬಂದು ಕೂತಂತಾಯಿತು. ಅವರ ಖಾಕಿ ಚೀಲದಲ್ಲಿ ಇದೇ ವಾಸನೆ ಇರುತ್ತಿತ್ತು, ಜೊತೆಗೆ ಸ್ಪಿರಿಟ್ಟು ಮತ್ತು ಹುರಿದ ಶೇಂಗಾದ್ದು. ಟ್ಯೂಬು ತಿರುಗಿಸಿ ನೋಡಿದೆ. ಡೈಕ್ಲೋಫೆನಾಕ್ ಎಂದು ಬರೆದಿತ್ತು. ನಾಲಿಗೆ ಹೊರಳದ ಈ ಹೆಸರನ್ನು ನನಗೆ ಕಲಿಸಿದವರೂ ಅವರೇ.

ರಾಂಪುರದಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು ನಮ್ಮದು. ಮಾವ ಅಂದರೆ ನನಗೇನೂ ರಕ್ತ ಸಂಬಂಧವಲ್ಲ, ಎದುರು ಮನೆಯವರು. ಹಾಗೆ ನೋಡಿದರೆ ಕಾಂಪೌಂಡರೂ ಅಲ್ಲ. ಹುಡುಗರಾಗಿದ್ದಾಗ ಯಾರೋ ದನದ ಡಾಕ್ಟರ ಹಿಂದೆ ಚೀಲ ಹೊತ್ತು ತಿರುಗಿ ಕೆಲಸ ಕಲಿತಿದ್ದರು, ಅಷ್ಟೇ. ಆದರೆ ಅವರ ಮೊಪೆಡ್ಡಿನ ಸದ್ದು ಕೇಳಿದರೆ ದನಗಳೇ ಕಿವಿ ನಿಮಿರಿಸುತ್ತಿದ್ದವು. ನಮ್ಮ ಜೊತೆ ಕನ್ನಡ ಮಾತಾಡಿದರೂ ದನಗಳ ಜೊತೆ ಮಾತ್ರ ತೆಲುಗು. "ಏಮ್ಮಾ, ಏಮೈಂದಿ ತಲ್ಲೀ?" ಎಂದು, ಏನಾಯ್ತು ತಾಯಿ ಎಂದು, ದನದ ಕತ್ತಿನ ಗಂಗೆದೊಗಲು ಸವರುತ್ತ ಕೇಳುತ್ತಿದ್ದರು. ದನಕ್ಕೆ ತೆಲುಗು ಬೇಗ ತಿಳಿಯುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ನಮ್ಮ ಎಮ್ಮೆ ಅಪ್ಪಟ ಕನ್ನಡದ್ದು ಎಂದು ನಾನು ವಾದ ಮಾಡಿದರೆ, "ಅದಕ್ಕೇ ನೋಡವ್ವ, ನಿನ್ನ ಥರಾ ಮೊಂಡು" ಅನ್ನುತ್ತಿದ್ದರು.

ನಮ್ಮ ಕಡೆ ಒಂದು ಚಾಳಿ. ಸೂಜಿ ಚುಚ್ಚದವನು ವೈದ್ಯನೇ ಅಲ್ಲ. ಮಾವ ಮೊದಮೊದಲು ಓಮ, ಬೆಲ್ಲ, ಬಿಸಿ ಉಪ್ಪಿನ ಶಾಖ ಎಂದರೆ ಜನ ಮೂಗು ಮುರಿಯುತ್ತಿದ್ದರು. ಆಗ ನೋವಿನ ಆ ಹೊಸ ಔಷಧಿ, ಇದೇ ಡೈಕ್ಲೋಫೆನಾಕ್, ಸೂಜಿಯಾಗಿ ಬಂತು. ಬಿದ್ದ ದನ ಒಂದು ಗಂಟೆಯಲ್ಲಿ ಎದ್ದು ಮೇವಿಗೆ ಬಾಯಿ ಹಾಕುತ್ತಿತ್ತು. ಉಳಿಯುವುದಿಲ್ಲ ಎಂದು ಗೊತ್ತಾದ ದನಕ್ಕೂ ಅವರು ಅದನ್ನು ಹಾಕುತ್ತಿದ್ದರು, ನರಳದೆ ಹೋಗಲಿ ಎಂದು. ಊರಲ್ಲಿ ಅದಕ್ಕೆ ಕೊನೆಯ ಸೂಜಿ ಎಂದೇ ಹೆಸರಾಯಿತು. ಸಾಯುವ ಮನುಷ್ಯರ ಬಾಯಿಗೆ ಗಂಗೆ ಬಿಡುತ್ತೇವಲ್ಲ, ದನಕ್ಕೆ ಮಾವನ ಸೂಜಿ. ನಮ್ಮ ಮುದಿ ಎತ್ತಿಗೆ, ಒಂದು ಎಮ್ಮೆಗೆ, ಹಟ ಹಿಡಿದು ಹಾಕಿಸಿದವಳು ನಾನೇ. ಸತ್ತ ದನವನ್ನು ಊರಾಚೆಯ ದಿಬ್ಬಕ್ಕೆ ಎಳೆದು ಹಾಕಿ ಬರುತ್ತಿದ್ದೆವು. ಮಿಕ್ಕಿದ್ದನ್ನು ರಣಹದ್ದುಗಳು ನೋಡಿಕೊಳ್ಳುತ್ತಿದ್ದವು.

ಅವುಗಳಲ್ಲಿ ನೋಡಲು ಚೆಂದ ಅನ್ನುವಂಥದ್ದು ಏನೂ ಇರಲಿಲ್ಲ. ಬೋಳು ಕತ್ತು, ಗೂನು ಬೆನ್ನು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ಕೂತ ನೆಂಟರ ಹಾಗೆ ಸಾಲಾಗಿ ಬಂಡೆಯ ಮೇಲೆ ಕೂರುತ್ತಿದ್ದವು. ಆದರೆ ಇಳಿದವೆಂದರೆ ಸಂಜೆಗೆ ಮೂಳೆ ಬಿಟ್ಟು ಏನೂ ಇಲ್ಲ, ವಾಸನೆಯೂ ಇಲ್ಲ. ಅವು ಯಾವಾಗ ಕಡಿಮೆಯಾದವು ಎಂದು ಕೇಳಿದರೆ... ನಿಜ ಹೇಳಬೇಕೆಂದರೆ ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದು ಗಬ್ಬು ವಾಸನೆ, ಆಮೇಲೆ ನಾಯಿಗಳು. ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ ಜಟಾಯು ಬಿದ್ದ ಜಾಗಕ್ಕೆ ಕೈಮುಗಿದು ಬರುತ್ತಿದ್ದ ನಾವ್ಯಾರೂ ತಲೆ ಎತ್ತಿ ಆಕಾಶ ನೋಡಿರಲಿಲ್ಲ.

ಒಂದು ದಿನ ಚಳ್ಳಕೆರೆಯಲ್ಲಿ ದನದ ಡಾಕ್ಟರೊಬ್ಬರು ಕರೆದ ಸಭೆಗೆ ಮಾವ ಹೋಗಿ ಬಂದರು. ಬಂದವರು ಮನೆಗೆ ಹೋಗದೆ ನಮ್ಮ ಜಗಲಿಯ ಮೇಲೆ ಕೂತುಬಿಟ್ಟರು. ಕಾಫಿ ಕೊಟ್ಟೆ, ಆರಿ ಹೋಯಿತು. ಲೋಟ ಪಕ್ಕಕ್ಕೆ ಸರಿಸಿ ಹೇಳಿದರು.

"ಆ ಸೂಜಿ ಐತಲ್ಲವ್ವ, ಅದು ದನದ ಮೈಯಾಗೇ ಉಳ್ಕಂತೈತಂತೆ. ಅದನ್ನ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಸಾಯ್ತೈತಂತೆ. ದನಕ್ಕೆ ಅದನ್ನ ಹಾಕಬಾರ್ದು ಅಂತ ಸರ್ಕಾರ ಯಾವಾಗ್ಲೋ ನಿಲ್ಸೈತೆ. ನನಗೇ ಗೊತ್ತಿಲ್ಲ ನೋಡು."

ನಾನು ಸಮಾಧಾನ ಮಾಡಲು ಹೋದೆ. ದೇಶದ ತುಂಬ ಎಲ್ಲರೂ ಹಾಕಿದ್ದಾರೆ, ನೀವೊಬ್ಬರೇ ಏನಲ್ಲವಲ್ಲ ಅಂದೆ. "ದೇಶದ್ದು ನನಗೆ ಗೊತ್ತಿಲ್ಲ. ಈ ದಿಬ್ಬದ್ದು ನಂದು" ಅಂದರು. ಯಾವತ್ತೂ ನಗಿಸುವ ಮನುಷ್ಯ ಅವತ್ತು ಅತ್ತರು. ನನಗೂ ಅಳು ಬಂತು.

ಮಾರನೆಯ ದಿನದಿಂದ ಮಾವ ಮನೆ ಮನೆ ತಿರುಗಿ, ಜನ ತಂದಿಟ್ಟುಕೊಂಡಿದ್ದ ಆ ಔಷಧಿಯ ಬಾಟಲಿಗಳನ್ನು ಕೊಡಿ ಎಂದು ಕೇಳಿದರು. ಸುಮ್ಮನೆ ಕೇಳಿದರೆ ಯಾರು ಕೊಡುತ್ತಾರೆ? ಹೆಂಡತಿಯ ಹತ್ತಿರ ಶೇಂಗಾ ಉಂಡೆ ಕಟ್ಟಿಸಿ, ಬಾಟಲಿಗೆ ಎರಡು ಉಂಡೆ ಎಂದು ಸಾರಿದರು. ಊರಿನವರ ಗೇಲಿ ಹೇಳತೀರದು. ಖಾಲಿ ಬಾಟಲಿಗೆ ನೀರು ತುಂಬಿ ತಂದು ಉಂಡೆ ಹೊಡೆದುಕೊಂಡು ಹೋದವರೂ ಇದ್ದರು. ಹದ್ದಿನ ತಿಥಿ ಯಾವತ್ತು, ಊಟ ಹಾಕ್ಸಲ್ವಾ ಎಂದು ಕಟ್ಟೆಯ ಮೇಲಿನವರು ಕೇಳಿದರೆ, "ನೀನು ಎಷ್ಟು ತಿಂತೀಯ ಹೇಳಲೇ, ಮೊದಲು ಅಕ್ಕಿ ಅಳೀಬೇಕು" ಎಂದು ಮಾವನೂ ನಗುತ್ತಿದ್ದರು. ನಾನು ಒಂದು ಬಾಟಲಿ ಕೊಟ್ಟು ಎರಡು ಉಂಡೆ ತಿಂದೆ. ಇನ್ನೊಂದನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಕಷ್ಟಕಾಲಕ್ಕೆ ಇರಲಿ ಎಂದು.

ಕಷ್ಟಕಾಲ ಬರಲು ತಡವಾಗಲಿಲ್ಲ. ಮರುವರ್ಷ ನಮ್ಮ ಸೀಮೆ ಹಸು ಹಾಸುಗಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡಿತು. ನಾನು ಕರು ಕಾಲದಿಂದ ಸಾಕಿದ್ದು. ಮಾವ ನಾಲ್ಕು ದಿನ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಹಕ್ಕಿಗೆ ತೊಂದರೆ ಮಾಡದ ಬೇರೆ ಔಷಧಿ ಕೊಟ್ಟರು, ಶಾಖ ಕೊಟ್ಟರು, ತೆಲುಗಿನಲ್ಲಿ ಸಾವಿರ ಮಾತಾಡಿದರು. ಹಸುವಿನ ನರಳಾಟ ನಿಲ್ಲಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವರು ಸ್ನಾನಕ್ಕೆಂದು ಮನೆಗೆ ಹೋದಾಗ ನನ್ನಿಂದ ತಡೆಯಲಾಗಲಿಲ್ಲ. ಸಾಸಿವೆ ಡಬ್ಬಿಯ ಹಿಂದೆ ಕೈ ಹಾಕಿದೆ. ಸಿರಿಂಜು ಅವರು ಕೊಟ್ಟಿಗೆಯಲ್ಲೇ ಬಿಟ್ಟು ಹೋದ ಚೀಲದಲ್ಲಿತ್ತು. ಅವರು ಚುಚ್ಚುವುದನ್ನು ವರ್ಷಗಟ್ಟಲೆ ನೋಡಿದ ಕೈಗೆ ಅದೇನು ದೊಡ್ಡ ವಿದ್ಯೆಯಲ್ಲ. ಹಸು ಕತ್ತು ಇಳಿಸಿ, ನನ್ನ ಕೈ ನೆಕ್ಕಿತು. ಮಧ್ಯಾಹ್ನದ ಹೊತ್ತಿಗೆ ಹೋಯಿತು.

ಮಾವ ಬಂದು ಅದರ ಕಣ್ಣು ಮುಚ್ಚಿದರು. ಆಮೇಲೆ ನನ್ನ ಯಜಮಾನರ ಕಡೆ ತಿರುಗಿ, "ಹೂಳಬೇಡ್ರಪ್ಪ. ದಿಬ್ಬಕ್ಕೆ ಹಾಕ್ರಿ. ನಾನೇ ಖುದ್ದು ನೋಡ್ಕಂಡೀನಿ, ಇವಳ ಮೈ ಶುದ್ಧ ಐತೆ. ಒಂದಾದ್ರೂ ಹಕ್ಕಿ ಎಲ್ಲಾದ್ರೂ ಉಳಿದಿದ್ರೆ ಬಂದು ಉಣ್ಲಿ" ಅಂದರು. ನಾನು ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಹದ್ದು ಕಂಡು ಎಷ್ಟೋ ವರ್ಷವಾಗಿದೆ, ಈಗ ಎಲ್ಲಿಂದ ಬಂದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಮಾವ ದಿಬ್ಬದ ಮೇಲೆ ಕಪ್ಪು ಕೊಡೆ ಬಿಚ್ಚಿಕೊಂಡು, ನಾಯಿ ಓಡಿಸಲು ಒಂದು ಕೋಲು ಹಿಡಿದು, ಟಿಫನ್ ಕ್ಯಾರಿಯರ್ ಸಮೇತ ಕಾವಲು ಕೂತರು. ಹೊಸ ಅಳಿಯನನ್ನು ಕಾಯುವ ಮಾವನ ಗತ್ತು. ಎರಡನೆಯ ದಿನ ಮಧ್ಯಾಹ್ನ ಮುದ್ದೆ, ಸಾರು ತೆಗೆದುಕೊಂಡು ನಾನು ಹೋದೆ. ಅವರು ಉಣ್ಣಲು ಕೈ ತೊಳೆದವರು ಹಾಗೇ ನಿಂತರು. ಮೇಲೆ ಒಂದು ಚುಕ್ಕಿ. ಅದು ಸುತ್ತಿತು, ಕೆಳಗಿಳಿಯಿತು, ಮತ್ತೆ ಸುತ್ತಿತು. ಅಗಲವಾದ ರೆಕ್ಕೆ, ಬೋಳು ಕತ್ತು... ಬಂಡೆಯ ಮೇಲೆ ಬಂದು ಕೂತಿತು.

ಮಾವನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣಿನಿಂದಲೂ. "ನೋಡವ್ವ, ಬಂದೈತೆ" ಎಂದು ಪಿಸುಗುಟ್ಟಿದರು. ಅದು ಬಂಡೆಯಿಂದ ಕೆಳಗೆ ಹಾರಿ, ಹೆಜ್ಜೆ ಹಾಕುತ್ತ ಹಸುವಿನ ಕಡೆ ಹೊರಟಿತು.

"ಮಾವ, ನಾನು ಸೂಜಿ ಹಾಕೀನ್ರೀ" ಅಂದೆ.

ಅವರು ನನ್ನ ಮುಖ ನೋಡಿದ್ದು ಒಂದೇ ಕ್ಷಣ. ಕೊಡೆ ತಿರುಗಿಸುತ್ತ ದಿಬ್ಬದ ಮೇಲೆ ಓಡಿದರು. ಆಗಲೇ ಎಪ್ಪತ್ತರ ಹತ್ತಿರದ ಮುದುಕ, ಪಂಚೆ ಒಂದು ಕಡೆ, ಚಪ್ಪಲಿ ಒಂದು ಕಡೆ. "ಪೋ ತಲ್ಲೀ, ಪೋ, ಪೋ" ಎಂದು ಕೂಗುತ್ತಿದ್ದರು. ನಾನೂ ಸೆರಗು ಬೀಸುತ್ತ ಹಿಂದೆಯೇ ಓಡಿದೆ. ಹಕ್ಕಿ ಎರಡು ಸಲ ಎದ್ದು ಎರಡು ಸಲ ಕೂತಿತು. ಅದಕ್ಕೆ ಎಷ್ಟು ಹಸಿವಾಗಿತ್ತೋ. ಕೊನೆಗೆ ಮಾವ ಕಲ್ಲು ಎತ್ತಿಕೊಂಡು, ಅದಕ್ಕೆ ತಾಗದ ಹಾಗೆ ಪಕ್ಕಕ್ಕೆ ಎಸೆದರು. ಅದು ಎದ್ದು, ಬಳ್ಳಾರಿ ದಿಕ್ಕಿಗೆ ಹಾರಿ ಸಣ್ಣದಾಗಿ, ಕಾಣದಾಯಿತು.

ನಾವಿಬ್ಬರೂ ಏದುಸಿರು ಬಿಡುತ್ತ ನೆಲಕ್ಕೆ ಕೂತೆವು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮಾವ ನೋಡಿದರೆ ನಗುತ್ತಿದ್ದಾರೆ.

"ಐತೆ ಕಣವ್ವ. ಒಂದು ಐತೆ. ನಾನು ಪೂರ್ತಿ ಮುಗಿಸಿಲ್ಲ."

"ಊಟ ಹಾಕ್ದೆ ಕಳಿಸಿದ್ವಲ್ರೀ ಮಾವ."

"ಬದುಕಿದ್ರೆ ಬೇಡಿ ತಿಂತೈತೆ ಬಿಡು. ನೀನು ಈಗ್ಲಾದ್ರೂ ಹೇಳಿದ್ಯಲ್ಲ, ಅದು ಪುಣ್ಯ. ಏಳು, ಗುಂಡಿ ತೆಗೀಬೇಕು."

ನನ್ನ ಯಜಮಾನರನ್ನು, ಮತ್ತಿಬ್ಬರನ್ನು ಕರೆಸಿ ಸಂಜೆಯವರೆಗೆ ಅಗೆದು ಹಸುವನ್ನು ಆಳಕ್ಕೆ ಹೂಳಿದೆವು. ಹೂಳಬೇಡಿ ಎಂದವರೇ ಈಗ ಯಾಕೆ ಹೂಳಿಸುತ್ತಾರೆ ಎಂದು ಯಜಮಾನರು ಕೇಳಿದಾಗ, "ನನ್ನ ಲೆಕ್ಕ ತಪ್ಪಿತ್ತಪ್ಪ" ಅಂದರು ಮಾವ. ಅಷ್ಟೇ. ಅವರು ಇರುವ ತನಕ ಆ ಗುಟ್ಟು ಊರಿಗೆ ತಿಳಿಯಲಿಲ್ಲ. ಯಾರಾದರೂ ಹದ್ದಿನ ಮಾತು ತೆಗೆದರೆ ನಾನು ಮಾತ್ರ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮಾವ ಬಾಯಿಗೆ ಶೇಂಗಾ ಹಾಕಿಕೊಂಡು ನನ್ನ ಕಡೆ ಕಳ್ಳ ನಗೆ ನಗುತ್ತಿದ್ದರು. ಆಮೇಲೆ ವರ್ಷಕ್ಕೊಮ್ಮೆ ಜಟಿಂಗ ರಾಮೇಶ್ವರಕ್ಕೆ ಹೋದಾಗೆಲ್ಲ, ದೇವರಿಗೆ ಒಂದು ನಮಸ್ಕಾರ ಹಾಕಿ, ಉಳಿದ ಹೊತ್ತೆಲ್ಲ ಬಂಡೆಗೆ ಒರಗಿ ಆಕಾಶ ನೋಡುತ್ತಿದ್ದರು. ಕತೆಯಲ್ಲಿ ರಾವಣ ಸಿಟ್ಟಿನಿಂದ ಕತ್ತಿ ಹಿಡಿದು ಬಂದಿದ್ದ, ನಾವು ಕರುಣೆಯಿಂದ ಸೂಜಿ ಹಿಡಿದು ಬಂದೆವು, ಹಕ್ಕಿಗೆ ಎರಡೂ ಒಂದೇ ಎಂದು ಒಮ್ಮೆ ಅಲ್ಲಿ ಹೇಳಿದ್ದರು.

ಮಾವ ಹೋಗಿ ಆರು ವರ್ಷವಾಯಿತು. ನಮ್ಮೂರಲ್ಲಿ ಈಗ ದನ ಸತ್ತರೆ ಜೆಸಿಬಿ ಬಂದು ಗುಂಡಿ ತೆಗೆಯುತ್ತದೆ. ದಿಬ್ಬದ ಮೇಲೆ ಜಾಲಿ ಬೆಳೆದಿದೆ. ಬಸ್ಸು ಬಂತೆಂದು ಮೆಡಿಕಲ್ ಶಾಪಿನ ಹುಡುಗಿ ಎಚ್ಚರಿಸಿದಳು, ನಾನು ಕುಂಟುತ್ತ ಹತ್ತಿ ಕಿಟಕಿಯ ಪಕ್ಕ ಕೂತೆ. ಅವತ್ತು ಆ ಹಕ್ಕಿಯನ್ನು ಓಡಿಸಿದ್ದು ತಪ್ಪೆಂದು ನನಗೆ ಒಂದು ದಿನವೂ ಅನಿಸಿಲ್ಲ. ಆದರೆ ಅದು ಮತ್ತೆ ಬರಲಿಲ್ಲ. ನಾಲ್ಕು ದಿನ ತಾಳಿದ್ದ ನಾನು ಆ ಬೆಳಿಗ್ಗೆಯೂ ತಾಳಿದ್ದರೆ, ಅದು ನಮ್ಮೂರಲ್ಲಿ ಹೊಟ್ಟೆ ತುಂಬ ಉಂಡು ಹೋಗುತ್ತಿತ್ತು. ಮಾವ ಕೊಡೆ ಮಡಚಿಟ್ಟು, ಕಣ್ತುಂಬ ನೋಡುತ್ತ ಕೂತಿರುತ್ತಿದ್ದರು.