ಮುಂದೆ ಕಾಲು, ಹಿಂದೆ ದೇವರು

ಬೆನ್ನಿನ ಶಸ್ತ್ರಚಿಕಿತ್ಸೆ ಆದ ಮೇಲೆ ನನ್ನ ಎಡಗಾಲು ಮೊದಲಿನಂತೆ ಹೇಳಿದ ಮಾತು ಕೇಳಲಿಲ್ಲ. ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯಬಹುದಿತ್ತು. ಬೈಕು ಮಾತ್ರ ಆಗಲಿಲ್ಲ. ನಿಲ್ಲಿಸಿದಾಗ ಕಾಲು ಊರಬೇಕೆಂದು ಮನಸ್ಸು ಹೇಳುತ್ತಿತ್ತು, ಕಾಲು ಆಮೇಲೆ ಹೊರಡುತ್ತಿತ್ತು, ಅಷ್ಟರಲ್ಲಿ ಬೈಕು ವಾಲಿರುತ್ತಿತ್ತು. ಎರಡನೆಯ ಸಲ ಬಿದ್ದ ದಿನ ಹೆಂಡತಿ ಬೈಕಿನ ಕೀಲಿಯನ್ನು ತನ್ನ ಟ್ರಂಕಿನಲ್ಲಿ ಹಾಕಿದಳು. 

ನಾನು ನರಗುಂದದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವವನು. ಈ ಕೆಲಸಕ್ಕೆ ಬೇಕಾದದ್ದು ಒಂದೇ: ಒಬ್ಬನೇ ಹೋಗುವುದು. ಇದು ನನಗೆ ಮೊದಲೇ ಗೊತ್ತಿದ್ದ ಸಂಗತಿಯಲ್ಲ, ಬೇರೆಯವರ ಬೈಕಿನ ಹಿಂದೆ ಕೂತು ಹೋಗತೊಡಗಿದ ಮೇಲೆ ಗೊತ್ತಾಯಿತು. ಶಿರೋಳದಲ್ಲಿ ನನಗೆ ವರ್ಷಗಳಿಂದ ಪರಿಚಯವಿದ್ದ ರೈತರೊಬ್ಬರು, ನಾನು ಒಬ್ಬನೇ ಹೋದಾಗ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟು ಊರಿನ ಒಳಹೊರಗನ್ನೆಲ್ಲ ಹೇಳುತ್ತಿದ್ದವರು, ಆ ದಿನ ನನ್ನನ್ನು ನೋಡಿದರು, ಬೈಕು ಹೊಡೆಯುತ್ತಿದ್ದವನನ್ನು ನೋಡಿದರು, "ಎಲ್ಲಾ ಆರಾಮ ಐತ್ರಿ, ಚಾ ಕುಡೀರಿ" ಎಂದರು. ಚಹ ಚೆನ್ನಾಗಿತ್ತು. ಸುದ್ದಿ ಇರಲಿಲ್ಲ. ಹೀಗೆ ಹೋದ ಕಡೆಯಲ್ಲೆಲ್ಲ ಚಹವೇ ಸಿಕ್ಕಿತು. ಪತ್ರಿಕೆಗೆ ಸಭೆ ಸಮಾರಂಭಗಳ ವರದಿ ಮಾತ್ರ ಹೋಗತೊಡಗಿತು.

ಹಾಗಾಗಿ ನಾನೇ ಓಡಿಸಬಹುದಾದ, ಬೀಳದ ಗಾಡಿ ಹುಡುಕಲು ಹೊರಟೆ. ಸ್ಕೂಟರಿಗೆ ಪಕ್ಕದಲ್ಲಿ ಎರಡು ಗಾಲಿ ಜೋಡಿಸಿದ್ದನ್ನು ಮೊದಲು ನೋಡಿದೆ. ಬೀಳುವುದಿಲ್ಲ, ಆದರೆ ರಸ್ತೆಯ ಒಂದೊಂದು ಕುಳಿಯೂ ನೇರವಾಗಿ ಹೊಲಿಗೆ ಹಾಕಿದ ಜಾಗಕ್ಕೇ ಬಡಿಯುತ್ತಿತ್ತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ದೊಡ್ಡವರ ಮೂರು ಗಾಲಿ ಸೈಕಲ್ಲು ಹತ್ತಿ ನೋಡಿದೆ. ನೆಟ್ಟಗೆ ಕೂರಬೇಕು, ಸೀಟು ಅಂಗೈಯಷ್ಟು. ಅಂಗಡಿಯ ಮುಂದೆ ಒಂದು ಸುತ್ತು ಹಾಕಿ ಇಳಿದಾಗ ನೀರು ಕೇಳಬೇಕಾಯಿತು. ಕೈಯಿಂದ ತಿರುಗಿಸುವ ಗಾಡಿ ಬೇಡವೆಂದು ಡಾಕ್ಟರೇ ಹೇಳಿದರು. ಕಾಲು ತುಳಿಯುತ್ತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಅವರ ಮಾತು ಇಷ್ಟೇ.

ಅಂಥದೊಂದು ರೋಣದಲ್ಲಿದೆ ಎಂದು ತಿಳಿಯಿತು. ಪುಣೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಬಂದಿದ್ದ ಉಪನ್ಯಾಸಕರೊಬ್ಬರು ತಂದಿಟ್ಟುಕೊಂಡಿದ್ದರು, ಈಗ ಮಾರಲು ಹೊರಟಿದ್ದರು. ಅದನ್ನು ಸೈಕಲ್ಲು ಎನ್ನಲು ನಾಲಿಗೆ ಒಪ್ಪಲಿಲ್ಲ. ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ನೆಲದಿಂದ ಗೇಣೆತ್ತರದಲ್ಲಿ ಬಲೆಯ ಬಟ್ಟೆ ಬಿಗಿದ ಆರಾಮ ಕುರ್ಚಿ. ಒರಗಿ ಕೂತು ಕಾಲನ್ನು ಮುಂದಕ್ಕೆ ಚಾಚಬೇಕು. ಪೆಡಲು ಗಾಡಿಯ ಮೂಗಿನ ತುದಿಯಲ್ಲಿ, ಹಿಡಿಕೆಗಳು ತೊಡೆಯ ಅಕ್ಕಪಕ್ಕದಲ್ಲಿ.

"ಕುಂದರ್ರಿ. ಕುಂತ ಮ್ಯಾಲೆ ಬ್ಯಾರೆ ಮಾತು" ಎಂದರು.

ಕೂತೆ. ಅವರು ಪೆಡಲಿನ ಕೊಳವೆಯನ್ನು ನನ್ನ ಕಾಲಿನ ಉದ್ದಕ್ಕೆ ಜಗ್ಗಿ ಬಿಗಿ ಮಾಡಿದರು. ಎಡಪಾದ ಜಾರದಂತೆ ಪಟ್ಟಿ ಕಟ್ಟಿದರು. ಓಣಿಯಲ್ಲಿ ಹೊರಟೆ. ಬೆನ್ನಿಗೆ ಏನೂ ಆಗಲಿಲ್ಲ. ಏನೂ ಆಗದಿರುವುದು ಹೇಗಿರುತ್ತದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಕುಳಿ ಬಂದಾಗ ಬಲೆ ಒಮ್ಮೆ ತೂಗಿತು, ಅಷ್ಟೇ. ಬಲಗಾಲು ತುಳಿದಂತೆ ಎಡಗಾಲು ಅದರ ಹಿಂದೆ ತಾನಾಗಿ ಬಂತು.

ತಿರುವಿನಲ್ಲಿ ಹಾಲಿನ ತಂಬಿಗೆ ಹಿಡಿದ ಹಿರಿಯರೊಬ್ಬರು ಎದುರಾದರು. ಬ್ರೇಕು ಹಿಡಿದೆ. ಗಾಡಿ ನಿಂತಿತು, ಆದರೆ ಪೆಡಲಿನ ತುದಿಯಲ್ಲಿದ್ದ ನನ್ನ ಪಾದ ಅವರ ಮೊಣಕಾಲಿಗೆ ತಾಗಿತು. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಬಗ್ಗಿ ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಕಲಿಸಿಕೊಟ್ಟದ್ದಲ್ಲ, ಕೈ ತಾನೇ ಹೋಗುತ್ತದೆ. ನನ್ನ ಕೈಯೂ ಹೋಯಿತು. ಮುಟ್ಟಲಿಲ್ಲ. ಅವರಿಗೂ ನನಗೂ ನಡುವೆ ನನ್ನದೇ ಎರಡು ಕಾಲುಗಳ ಉದ್ದವಿತ್ತು. ಏಳಲು ನೋಡಿದೆ, ಅಷ್ಟು ತಗ್ಗಿನಿಂದ ಯಾರಾದರೂ ಎತ್ತದೆ ಏಳಲು ಆಗುತ್ತಿರಲಿಲ್ಲ. ಕೊನೆಗೆ ಕೂತಲ್ಲೇ ಕೈ ಮುಗಿದೆ. ಕೈ ಮುಗಿದಾಗಲೂ ಅಂಗಾಲುಗಳು ಅವರ ಕಡೆಗೇ ಇದ್ದವು.

ಹಿರಿಯರು ತಂಬಿಗೆಯನ್ನು ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ, "ಇರಲಿ ಬಿಡಪಾ, ಏಳಬ್ಯಾಡ. ಆದ್ರ ಇದೆಂಥಾ ಗಾಡಿಯೋ! ಊರ ಮಂದಿಗೆಲ್ಲಾ ಕಾಲ ತೋರಸ್ಕೋತ ಹೊಂಟೀಯಲ್ಲ?" ಎಂದು ಬದಿಗೆ ಸರಿದು ಹೋದರು.

ಮರಳಿ ಬಂದು ಉಪನ್ಯಾಸಕರಿಗೆ ನಡೆದದ್ದನ್ನು ಹೇಳಿದೆ. ಅವರು ಹಣೆ ತಿಕ್ಕಿಕೊಂಡರು. "ಖರೇ ಹೇಳ್ತೇನ್ರಿ, ಅದಕ್ಕ ಕೊಡಾಕತ್ತೇನಿ. ಪುಣೆದಾಗ ಯಾರೂ ಏನೂ ಅನ್ನಲಿಲ್ಲ. ಇಲ್ಲಿ ಮಠದ ಮುಂದ ಹೋಗೂದ್ರಾಗ ಅಡ್ಡ ನಿಂತರು. ಕಾಲ ಹೊರಳಿಸ್ಕೊಂಡ ಹೋಗ್ರಿ ಅಂದ್ರು. ಎಲ್ಲಿ ಹೊರಳಸ್ಲಿ? ಹೊರಳಿಸಿದ್ರ ಗಾಡಿ ನಿಲ್ಲತೈತಿ."

ಮುಂದೆ ಒಂದು ಗಾಲಿ, ಹಿಂದೆ ಎರಡು ಗಾಲಿಯ ಇನ್ನೊಂದು ಬಗೆ ಇದೆ, ಅದರಲ್ಲಿ ಸೀಟು ಕುರ್ಚಿಯಷ್ಟು ಎತ್ತರ, ಕಾಲು ಇಷ್ಟು ಮೇಲೇಳುವುದಿಲ್ಲ ಎಂದು ಅವರೇ ಫೋನಿನಲ್ಲಿ ಚಿತ್ರ ತೋರಿಸಿದರು. ಮನೆಗೆ ಬಂದು ಅದರ ಅಗಲವನ್ನು ನಮ್ಮ ಬಾಗಿಲಿಗೆ ಹಿಡಿದು ನೋಡಿದೆವು. ಹಿಡಿಯಲಿಲ್ಲ. ಬೀದಿಯಲ್ಲೇ ಬಿಡುವ ವಸ್ತುವಲ್ಲ ಅದು.

"ಬೆನ್ನಿಗೆ ಹ್ಯಾಂಗಾತು, ಅದನ್ನ ಮೊದಲ ಹೇಳ್ರಿ" ಎಂದಳು ಹೆಂಡತಿ.

"ಏನೂ ನೋವಾಗಲಿಲ್ಲ."

"ಹಂಗಾದ್ರ ಆ ರೋಣದ ಗಾಡೀನ ತರೂಣು. ಕಾಲ ಮುಚ್ಚಾಕ ಏನರ ಮಾಡಿದ್ರಾತು. ನನ್ನ ತಮ್ಮ ಅದಾನಲ್ಲ."

ಅವಳ ತವರು ಗಜೇಂದ್ರಗಡ. ತಮ್ಮನಿಗೆ ಅಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ ಶೆಡ್ ಇದೆ. ಗಾಡಿಯನ್ನು ರೋಣದಿಂದ ಸಣ್ಣ ಟೆಂಪೊದಲ್ಲಿ ಹಾಕಿ ನೇರ ಅಲ್ಲಿಗೇ ಕಳಿಸಿದೆವು. ಪಾದಗಳ ಮುಂದೆ ಒಂದು ತಗಡು ನಿಲ್ಲಿಸಬೇಕು, ಎದುರಿನವರಿಗೆ ಅಂಗಾಲು ಕಾಣಬಾರದು, ತಾಗಬಾರದು ಎಂದು ಫೋನಿನಲ್ಲಿ ಹೇಳಿದೆ. ಅವನು ಎರಡು ಪ್ರಶ್ನೆ ಕೇಳಿ ತಿಳಿದುಕೊಂಡ. ಕೆಲಸವನ್ನು ಹಗುರಾಗಿ ತೆಗೆದುಕೊಳ್ಳುವವನಲ್ಲ.

ಮುಂದಿನ ವಾರ ನಾವಿಬ್ಬರೂ ಗಜೇಂದ್ರಗಡಕ್ಕೆ ಹೋದೆವು. ಶೆಡ್ಡಿನ ನಡುವೆ ಗಾಡಿಯನ್ನು ತೊಳೆದು ಒರೆಸಿ, ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿದ್ದರು. ಗಾಲಿಯ ಕೆಳಗಿಡಲು ನಿಂಬೆಹಣ್ಣು ತಂದಿದ್ದರು. ಮೂರು ಗಾಲಿಗೆ ಮೂರು ಇಡಬೇಕೋ, ಎಲ್ಲ ಗಾಡಿಗೆ ಇಡುವಂತೆ ನಾಲ್ಕು ಇಡಬೇಕೋ ಎಂದು ಕೆಲಸದವರು ವಾದ ಹಚ್ಚಿದ್ದರು. ಒಬ್ಬ, "ನಾಕನೇದ್ದು ಮಾಮಾರ ಕೈಯಾಗ ಕೊಡ್ರಿ, ಶರಬತ್ತ ಮಾಡ್ಕೊಂಡ ಕುಡೀತಾರ" ಎಂದ.

ತಗಡು ಚೆನ್ನಾಗಿಯೇ ಕೂತಿತ್ತು. ಪಾದಗಳ ಮುಂದೆ ಗೋಡೆಯಂತೆ, ಅಂಚು ಮಡಚಿ, ಕೆಂಪು ಬಣ್ಣ ಹೊಡೆದು. ಅದರ ಮೇಲೆ ಹಳದಿ ಅಕ್ಷರಗಳಲ್ಲಿ, ನೆರಳು ಕೊಟ್ಟು, ಎರಡೂ ಬದಿಗೆ ಹೂ ಬಿಡಿಸಿ, ನಮ್ಮ ಮನೆದೇವರ ಹೆಸರು ಬರೆದಿತ್ತು.

ಆ ಶೆಡ್ಡಿನಿಂದ ಹೆಸರಿಲ್ಲದೆ ಒಂದು ಟ್ರೇಲರೂ ಹೊರಗೆ ಹೋದದ್ದಿಲ್ಲ. ಮುಂದೆ ಖಾಲಿ ತಗಡು ಕಂಡರೆ ಪೇಂಟರು ಮಾಲೀಕರ ಮನೆದೇವರು ಯಾರೆಂದು ಕೇಳುತ್ತಾರೆ, ಬರೆಯುತ್ತಾರೆ. ಇಲ್ಲೂ ಕೇಳಿದ್ದರು, ಭಾವಮೈದ ಹೇಳಿದ್ದ. ಯಾರಿಗೂ ಏನೂ ಅನಿಸಿರಲಿಲ್ಲ. ನಾನು ನಾಲ್ವರ ಕೈಯಾಸರೆಯಲ್ಲಿ ಸೀಟಿಗೆ ಇಳಿದು, ಕಾಲು ಚಾಚಿ, ಎರಡೂ ಪಾದಗಳನ್ನು ಪೆಡಲಿನ ಮೇಲೆ ಇಟ್ಟಾಗ ಎಲ್ಲರಿಗೂ ಒಟ್ಟಿಗೇ ಅನಿಸಿತು. ಅಂಗಾಲುಗಳು ತಗಡಿನ ಹಿಂಬದಿಗೆ ಬೆರಳಷ್ಟು ದೂರದಲ್ಲಿದ್ದವು. ಆ ಬದಿಗೆ ದೇವರು, ಈ ಬದಿಗೆ ನನ್ನ ಚಪ್ಪಲಿ.

ಶೆಡ್ಡಿನಲ್ಲಿ ಗ್ರೈಂಡರ್ ನಿಂತಿತು.

"ಯಕ್ಕಾ..." ಎಂದ ಭಾವಮೈದ.

"ನನ್ನ ಯಾಕ ಕರೀತಿ? ಮಂದಿಗೆ ಕಾಲ ತೋರಿಸ್ತಿದ್ರು ನಿಮ್ಮ ಮಾಮಾ, ಈಗ ದೇವರಿಗೆ ಒದಿಯೂಹಂಗ ಮಾಡೀದಿ" ಎಂದಳು.

ನಾನು ಪೇಂಟರಿಗೆ, "ಮ್ಯಾಲೆ ಒಂದ ಕೈ ಕೆಂಪು ಹೊಡದ ಬಿಡ್ರಿ" ಎಂದೆ.

ಅವರು ಕುಂಚವನ್ನು ಹಿಂದಕ್ಕೆ ಹಿಡಿದರು. "ಬರಿಯಂದ್ರ ಬರೀತೇನ್ರಿ. ದೇವರ ಹೆಸರ ಅಳಸಂದ್ರ ನನ್ನ ಕೈಲೆ ಆಗೂದಿಲ್ಲ. ಬೇಕಾರ ನೀವ ಹೊಡೀರಿ."

ಕುಂಚವನ್ನು ನನ್ನ ಕಡೆಗೆ ಚಾಚಿದರು. ನಾನು ಹೆಚ್ಚಿಗೆ ಪೂಜೆ ಪುನಸ್ಕಾರದವನಲ್ಲ. ಇದನ್ನು ಒಂದು ವಸ್ತುಸ್ಥಿತಿಯಾಗಿ ದಾಖಲಿಸುತ್ತೇನೆ: ಕುಂಚವನ್ನು ತೆಗೆದುಕೊಳ್ಳಲು ನನ್ನ ಕೈ ಮೇಲೇಳಲಿಲ್ಲ. ಹೆಂಡತಿಯನ್ನು ನೋಡಿದೆ. ಅವಳು ಬೇರೆ ಕಡೆ ನೋಡಿದಳು.

ಬಹಳ ಚರ್ಚೆಯ ಮೇಲೆ ಆ ತಗಡನ್ನು ಬಿಚ್ಚಿ ಸೀಟಿನ ಹಿಂದೆ, ನನ್ನ ಬೆನ್ನಿಗೆ ಜೋಡಿಸಿದರು. ದೇವರು ಹಿಂದೆ ಇದ್ದು ಕಾಯುತ್ತಾನೆ ಎಂದು ಎಲ್ಲರೂ ಒಪ್ಪಿದರು. ಮುಂದಕ್ಕೆ ಹೆಸರಿಲ್ಲದ ಬೇರೆ ತಗಡು ಹಾಕಲು ಹೇಳಿದೆ. ಭಾವಮೈದ ಹಾ ಎಂದ, ಹ್ಞೂಂ ಎಂದ, ಹಾಕಲಿಲ್ಲ. ಮುಂದೆ ಬೋಳು ತಗಡು ಹಾಕಿ ಶೆಡ್ಡಿನಿಂದ ಗಾಡಿ ಹೊರಗೆ ಬಿಡುವುದು ಅವನಿಗೂ ಸರಿ ಕಾಣಲಿಲ್ಲ ಎಂದು ಹೆಂಡತಿ ಆಮೇಲೆ ಹೇಳಿದಳು. ನನ್ನ ಕಾಲು ಮೊದಲಿದ್ದ ಹಾಗೆಯೇ ಬಯಲಿಗೆ ಉಳಿಯಿತು.

ಇಷ್ಟು ತಗ್ಗಿನ ಗಾಡಿ ಲಾರಿಯವರ ಕಣ್ಣಿಗೆ ಬೀಳಲಿಕ್ಕೆ ಹಿಂದೆ ಒಂದು ಉದ್ದನೆಯ ಕಡ್ಡಿಗೆ ಬಾವುಟ ಕಟ್ಟಬೇಕಿತ್ತು. ಬಣ್ಣ ಯಾವುದೆಂದು ಕೂತು ಯೋಚಿಸಿದೆ. ಕೇಸರಿ, ಹಸಿರು, ನೀಲಿ, ಕೆಂಪು, ಹಳದಿ, ಪ್ರತಿಯೊಂದಕ್ಕೂ ಊರಿನಲ್ಲಿ ಮಾಲೀಕರಿದ್ದರು. ವರದಿಗಾರನಿಗೆಂದು ಯಾರೂ ಒಂದು ಬಣ್ಣ ಬಿಟ್ಟಿರಲಿಲ್ಲ. ಹೆಂಡತಿ ತನ್ನ ಬದನೆಕಾಯಿ ಬಣ್ಣದ ಜಂಪರಿನ ತುಂಡು ಹೊಲಿದು ಕೊಟ್ಟಳು.

ನರಗುಂದದಲ್ಲಿ ಮೊದಲ ಬಾರಿಗೆ ಕಾಳಿನ ಪೇಟೆಯ ಚಹದಂಗಡಿಯವರೆಗೆ ಹೋದಾಗ ಅಲ್ಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ಹೊರಗೆ ಬಂದರು.

"ಇದ ಯಾವ ಪಕ್ಷದ ಝಂಡಾರಿ?"

"ನಮ್ಮ ಮನ್ಯಾಗಿಂದು."

"ಅದ ಆಳೂ ಪಕ್ಷ ಬಿಡ್ರಿ. ಎದುರ ಮಾತಾಡಾಕ ಬರೂದಿಲ್ಲ."

ನಕ್ಕರು, ಹಿಡಿಕೆ ಮುಟ್ಟಿದರು, ಬ್ರೇಕು ಒತ್ತಿದರು. ನನ್ನ ಪಾದಗಳ ನೇರಕ್ಕೆ ಮಾತ್ರ ಯಾರೂ ನಿಲ್ಲಲಿಲ್ಲ. ಎರಡು ಬದಿಗೆ ಸರಿದು ನಿಂತರು, ನಡುವೆ ಒಂದು ದಾರಿ ಬಿಟ್ಟಂತೆ. ಚಹ ಬಗ್ಗಿ ಕೊಟ್ಟರು. ನಾನು ಎಲ್ಲರನ್ನೂ ಕತ್ತೆತ್ತಿ ನೋಡಬೇಕಿತ್ತು, ಅವರು ಯಾವುದೋ ಮಗುವನ್ನು ನೋಡುವಂತೆ ಕೆಳಗೆ ನೋಡಬೇಕಿತ್ತು. ಆ ಎತ್ತರದಿಂದ ಯಾರೂ ಗುಟ್ಟು ಹೇಳುವುದಿಲ್ಲ. ಬೆನ್ನಿನ ನೋವು ಹೇಗಿದೆ ಎಂದು ಕೇಳುತ್ತಾರೆ.

ಇನ್ನೊಂದು ಸಂಗತಿ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಲುವೆಯ ಸೇತುವೆಗೆ ಹತ್ತುವಲ್ಲಿ ಸಣ್ಣ ಏರು ಇದೆ. ಅಲ್ಲಿ ನಾನು ನಿಧಾನವಾಗುತ್ತೇನೆ, ನಿಲ್ಲುವುದಿಲ್ಲ. ನಮ್ಮ ಜನಕ್ಕೆ ಒಬ್ಬ ಮನುಷ್ಯ ಏರಿನಲ್ಲಿ ತಡವರಿಸುವುದನ್ನು ನೋಡಿಕೊಂಡು ಸುಮ್ಮನೆ ದಾಟಿಹೋಗಲು ಆಗುವುದಿಲ್ಲ. ಬಂದವರು ಹಿಂದಿನಿಂದ ಕೈ ಹಚ್ಚಿ ನೂಕುತ್ತಾರೆ. ಬೇಡವೆಂದರೂ ನೂಕುತ್ತಾರೆ. ಹಿಂದಿನ ತಗಡಿನ ಮೇಲೆ ದೇವರ ಹೆಸರಿದೆಯಲ್ಲ, ಮೊದಲು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ನೂಕುತ್ತಾರಂತೆ. ನನಗೆ ಕಾಣುವುದಿಲ್ಲ, ನೋಡಿದವರು ಹೇಳಿದ್ದು. ಒರಗಿ ಕೂತವನಿಗೆ ಹಿಂದಕ್ಕೆ ತಿರುಗಲು ಬರುವುದಿಲ್ಲ, ನನ್ನ ಬೆನ್ನಿಗೆ ಮೊದಲೇ ಬರುವುದಿಲ್ಲ. ಗಾಡಿ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಯಾರೋ ಬಂದರು ಎಂದು ತಿಳಿಯುತ್ತದೆ. ಏರು ಮುಗಿದ ಮೇಲೆ ಕೈ ಬಿಟ್ಟುಹೋಗುತ್ತದೆ. ಧನ್ಯವಾದವನ್ನು ಮುಂದಿನ ರಸ್ತೆಗೆ ಹೇಳುತ್ತೇನೆ.

ಒಂದು ಮುಂಜಾನೆ ಹೀಗೇ ಗಾಡಿ ಹಗುರಾಯಿತು. ಆ ಕೈ ನಿಧಾನವಾಗಿ ನೂಕುತ್ತಿತ್ತು. ಸ್ವಲ್ಪ ದೂರದ ಮೇಲೆ ಕಿವಿಯ ಹಿಂದೆ ಒಂದು ಧ್ವನಿ ಕೇಳಿಸಿತು.

"ಪೇಪರಿನವರಲ್ರಿ?"

"ಹೌದ್ರಿ."

"ಕಾಲುವಿ ಕೊನಿ ಹೊಲಕ್ಕ ನೀರ ಯಾಕ ಮುಟ್ಟವಲ್ದು, ನಿಮಗ ಗೊತ್ತೈತೇನು?"

"ಇಲ್ಲ. ಹೇಳ್ರಿ."

"ತೂಬಿನ ಕೀಲಿ ಇರಬೇಕಾದಲ್ಲಿ ಇಲ್ಲ. ಯಾರ ಮನ್ಯಾಗ ಐತಿ ಅನ್ನೂದನ್ನ ಹೇಳ್ತೇನಿ. ಅವರು ಬೇಕಾದಾಗ ತಗೀತಾರ, ಬೇಕಾದಾಗ ಹಾಕ್ತಾರ."

ಯಾರ ಮನೆ ಎಂದೂ ಹೇಳಿದರು. ಬೇರೆ ಎರಡು ಮಾತನ್ನೂ ಹೇಳಿದರು, ಒಳಗಿನವರಿಗೆ ಮಾತ್ರ ಗೊತ್ತಿರುವಂಥವು. ಬೆನ್ನು ಕೆಟ್ಟ ಮೇಲೆ ನನಗೆ ಸಿಕ್ಕ ಮೊದಲ ಖರೇ ಸುದ್ದಿ ಅದು.

"ನೀವ ಯಾರ್ರಿ? ಹೆಸರ ಹಾಕೂದಿಲ್ಲ. ನನಗ ಗೊತ್ತಿದ್ರ ಸಾಕು" ಎಂದೆ.

ಕೈ ಬಿಟ್ಟುಹೋಗಿತ್ತು. ಏರು ಮುಗಿದಿತ್ತು. ಗಾಡಿ ಇಳಿಜಾರಿಗೆ ಬಿದ್ದು ತಾನೇ ಓಡತೊಡಗಿತು. ಬ್ರೇಕು ಹಿಡಿದು ನಿಲ್ಲಿಸಿ, ಗಾಡಿಯನ್ನೇ ಹಿಂದುಮುಂದು ಮಾಡಿ ತಿರುಗಿಸುವ ಹೊತ್ತಿಗೆ ಸೇತುವೆಯ ಮೇಲೆ ಕುರಿಯ ಹಿಂಡು ಬರುತ್ತಿತ್ತು. ಅದರ ಹಿಂದೆ ಹಲವು ಜನ ಇದ್ದರು.

ಪತ್ರಿಕೆಯ ಡೆಸ್ಕಿನವರಿಗೆ ಫೋನು ಮಾಡಿದೆ. "ಹೇಳಿದವರು ಯಾರು?" ಎಂದು ಕೇಳಿದರು. ಅದು ಅವರು ಕೇಳಲೇಬೇಕಾದ ಪ್ರಶ್ನೆ, ಅವರ ಜಾಗದಲ್ಲಿ ನಾನೂ ಕೇಳುತ್ತಿದ್ದೆ. ಗೊತ್ತಿಲ್ಲ ಎಂದೆ. ನೋಡಿ ಬಂದು ಖಾತ್ರಿ ಮಾಡಿರಿ ಎಂದರು. ತೂಬಿನವರೆಗೆ ಎರೆಮಣ್ಣಿನ ದಾರಿ. ಮೊದಲ ಮಳೆ ಆಗಿತ್ತು. ಡಾಂಬರು ಮುಗಿದು ನಾಲ್ಕು ಮಾರು ಹೋಗುವುದರೊಳಗೆ ಮೂರೂ ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಡಿ ನಿಂತಿತು. ಹೊಲಕ್ಕೆ ಹೊರಟವರು ಎತ್ತಿ ಮತ್ತೆ ಡಾಂಬರಿನ ಮೇಲೆ ಇಟ್ಟರು. ಯಾರದಾದರೂ ಟ್ರ್ಯಾಕ್ಟರಿನಲ್ಲಿ ಕೂತು ಹೋಗಬಹುದಿತ್ತು. ಹೋದರೆ ಅಲ್ಲಿಯೂ ಚಹ ಮಾತ್ರ ಸಿಗುತ್ತಿತ್ತು.

ಸುದ್ದಿ ನನ್ನಲ್ಲೇ ಇದೆ, ಅಚ್ಚಾಗಿಲ್ಲ. ಕೊನೆಯ ಹೊಲಗಳಿಗೆ ನೀರು ಬಂದ ಬಗ್ಗೆಯೂ ಕೇಳಿಲ್ಲ. ನಾನು ದಿನಾಲೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋಗುತ್ತೇನೆ. ಬೆನ್ನು ಆರಾಮವಾಗಿದೆ. ಹಿಂದಿನಿಂದ ಕೈಗಳು ಬರುತ್ತವೆ, ಮಳೆಯ ಮಾತಾಡುತ್ತವೆ, ಬೆಳೆಯ ಮಾತಾಡುತ್ತವೆ, ಕೆಲವು ಮಾತಿಲ್ಲದೆ ನೂಕಿ ಹೋಗುತ್ತವೆ. ಪ್ರತಿ ಧ್ವನಿಯನ್ನೂ ಕಿವಿಗೊಟ್ಟು ಕೇಳುತ್ತೇನೆ. ಈಚೆಗೆ ಎಡಗಾಲಿಗೆ ಸ್ವಲ್ಪ ಬಲ ಬಂದಿದೆ, ಆ ಏರನ್ನು ನಾನೇ ಹತ್ತಬಲ್ಲೆ. ಆದರೂ ಸೇತುವೆ ಹತ್ತಿರ ಬಂದಾಗ ತುಳಿಯುವುದನ್ನು ನಿಧಾನ ಮಾಡುತ್ತೇನೆ.