ನೊಣದಕ್ಕ ಮತ್ತು ಕೆಂಪು ಕಣ್ಣಿನ ಅಪ್ಪಂದಿರು

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಪ್ರಯೋಗಾಲಯದ ಅಟೆಂಡರನ್ನು ಎಲ್ಲರೂ ನೊಣದಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷ ಹಣ್ಣಿನ ನೊಣಗಳನ್ನು ಬಾಟಲಿಗಳಲ್ಲಿ ಸಾಕಿದವರು. ಕೆಲಸ ಮಾತ್ರ ಇನ್ನೂ ಹಂಗಾಮಿ. ಬೆಳಿಗ್ಗೆ ಏಳಕ್ಕೆ ಬಾಟಲಿಯ ಹಳೆಯ ನೊಣಗಳನ್ನೆಲ್ಲ ಹೊರಹಾಕಿ, ಮಧ್ಯಾಹ್ನದೊಳಗೆ ಕೋಶದಿಂದ ಹೊಸದಾಗಿ ಹೊರಬಂದ ಹೆಣ್ಣುಗಳನ್ನು ಸಣ್ಣ ಬ್ರಷ್ಷಿನಿಂದ ಬೇರ್ಪಡಿಸುತ್ತಿದ್ದರು. ತಡವಾದರೆ ಅವು ಅದೇ ಬಾಟಲಿಯ ಗಂಡುಗಳನ್ನು ಕೂಡಿಬಿಡುತ್ತವೆ, ಪ್ರಯೋಗ ಕೆಡುತ್ತದೆ.

ಆ ವರ್ಷ ಕೆಟ್ಟೇಬಿಟ್ಟಿತು. ಕಂದು ಕಣ್ಣಿನ ಹೆಣ್ಣುಗಳಿಗೆ ಅಪ್ಪಟ ಕೆಂಪು ಕಣ್ಣಿನ ಗಂಡುಗಳನ್ನು ಜೋಡಿಸಿದ್ದೆವು. ಕೆಂಪು ಪ್ರಬಲ ಗುಣ. ಮಕ್ಕಳೆಲ್ಲ ಕೆಂಪಾಗಬೇಕು, ಕಂದು ಒಳಗೆ ಅಡಗಿ ಕೂರಬೇಕು. ಆದರೆ ನೂರಕ್ಕೆ ಇಪ್ಪತ್ತು ಮಕ್ಕಳು ಕಂದು. ನನಗೆ ಮೂಗಿನ ತುದಿಯಲ್ಲೇ ಕೋಪ, ಅನುಮಾನ ಅದಕ್ಕಿಂತ ಮುಂದೆ. ನೊಣದಕ್ಕನೇ ತಡವಾಗಿ ಬಂದಿದ್ದಾರೆ, ಅಷ್ಟರಲ್ಲಿ ಹೆಣ್ಣುಗಳು ತಮ್ಮ ಬಾಟಲಿಯ ಕಂದು ಗಂಡುಗಳನ್ನು ಕೂಡಿಬಿಟ್ಟಿವೆ ಎಂದು ತೀರ್ಮಾನಿಸಿದೆ. ಗೇಟಿನ ಕಾವಲುಗಾರನನ್ನು ಗುಟ್ಟಾಗಿ ವಿಚಾರಿಸಿದರೆ, ಅವರು ದಿನಾ ಏಳಕ್ಕೆ ಮುಂಚೆಯೇ ಬರುತ್ತಾರೆ ಎಂದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನೂ ಶಾಮೀಲು ಎಂದುಕೊಂಡೆ. ಈಕೆಯ ಕೆಲಸ ಮುಂದುವರಿಸಬೇಡಿ ಎಂದು ಪ್ರಿನ್ಸಿಪಾಲರಿಗೆ ಪತ್ರ ಬರೆದುಕೊಟ್ಟೆ.

ಸುದ್ದಿ ತಿಳಿದ ನೊಣದಕ್ಕ ನನ್ನ ಮೇಜಿನ ಮುಂದೆ ಬಂದು ನಿಂತರು. "ಎಲ್ಲದಕ್ಕೂ ಅಮ್ಮನ ಮೇಲೇ ಯಾಕೆ ಸರ್ ಅನುಮಾನ? ಒಂದ್ಸಲ ಅಪ್ಪನ್ನೂ ವಿಚಾರ್ಸಿ."

ಅಪ್ಪಟ ಕೆಂಪಿನ ಬಾಟಲಿಯಿಂದ ಎಂಟು ಗಂಡುಗಳನ್ನು ತೆಗೆದು, ಒಂದೊಂದನ್ನೂ ಒಂದೊಂದು ಕಂದು ಹೆಣ್ಣಿನ ಜೊತೆ ಬೇರೆ ಬೇರೆ ಗಾಜಿನ ಕೊಳವೆಯಲ್ಲಿಡಲು ಹೇಳಿದ್ದೂ ಅವರೇ. ಹೆಣ್ಣುಗಳನ್ನು ಈ ಸಲ ನಾನೇ ಆರಿಸಿದೆ, ಅವರಿಗೆ ಮುಟ್ಟಗೊಡಲಿಲ್ಲ. ಹನ್ನೆರಡು ದಿನದ ಮೇಲೆ ನೋಡಿದರೆ ಐದು ಕೊಳವೆಗಳ ಮಕ್ಕಳೆಲ್ಲ ಕೆಂಪು. ಮೂರರಲ್ಲಿ ಅರ್ಧಕ್ಕರ್ಧ ಕಂದು. ಆ ಮೂವರು ಅಪ್ಪಂದಿರು ಹೊರಗೆ ಕೆಂಪು, ಒಳಗೆ ಕಂದನ್ನು ಬಚ್ಚಿಟ್ಟುಕೊಂಡವರು.

ಅಪ್ಪಟ ಬಾಟಲಿಗೆ ಬೆರಕೆ ಬಂದದ್ದು ಹೇಗೆ ಎಂದು ಯೋಚಿಸುತ್ತಿದ್ದಾಗ ನೆನಪಾಯಿತು. ಪ್ರಯೋಗ ಶುರುವಾಗುವ ಮುಂಚೆ ತರಗತಿಯಲ್ಲಿ ತೋರಿಸಿ ಉಳಿದ ಬೆರಕೆ ನೊಣಗಳನ್ನು, ಕಣ್ಣು ಕೆಂಪಗೇ ಇದೆಯಲ್ಲ, ದಂಡವೇಕೆ ಎಂದು ಅದಕ್ಕೆ ಸುರಿದವನು ನಾನೇ.

ನಾಚಿಕೆಯಿಂದ ಸತ್ತಂತಾಯಿತು. ಪ್ರಿನ್ಸಿಪಾಲರ ಬಳಿ ತಪ್ಪೊಪ್ಪಿಕೊಂಡು ಪತ್ರ ವಾಪಸು ತಂದೆ. ಅವರ ಕೆಲಸ ಉಳಿಯಿತು. ಕ್ಷಮೆ ಕೇಳಿದಾಗ ನೊಣದಕ್ಕ, ಆಯ್ತು ಬಿಡಿ ಎಂದರು. ಮರುದಿನ ಹೋದರೆ ಅಪ್ಪಟ ಕೆಂಪಿನ ಬಾಟಲಿಗಳ ಬೀರುವಿಗೆ ಬೀಗ ಬಿದ್ದಿತ್ತು. ಕೀ ಕೊಡಿ ಎಂದೆ.

"ಬಾಟಲಿ ಬೇಕಾದ್ರೆ ಹೇಳಿ ಸರ್, ನಾನೇ ತೆಗೆದುಕೊಡ್ತೀನಿ. ನೋಡಿ ಆದ್ಮೇಲೆ ನನ್ನ ಕೈಗೇ ಕೊಡಿ."