ಎರಡು ಚೊಂಬು ನೀರು

ಸ್ನಾನ ಮುಗಿಸಿ ಹೊರಗೆ ಬಂದರೆ ನಮ್ಮ ಮೇಷ್ಟ್ರ ಬೋಳುತಲೆಯಿಂದ ಹಬೆ ಏಳುತ್ತಿತ್ತು. ಟವೆಲ್ ಸುತ್ತಿಕೊಂಡೇ ನನ್ನ ಲೆಕ್ಕದ ಪುಸ್ತಕ ನೋಡುತ್ತಿದ್ದರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ ನನಗೆ ಸೊರಬದ ತಮ್ಮ ಮನೆಯಲ್ಲೇ ಪಾಠ ಹೇಳಿದರು. ಉತ್ತರ ಊಹಿಸಿ ಬರೆದರೆ ಪೆನ್ನು ಕಸಿದುಕೊಳ್ಳುತ್ತಿದ್ದರು. "ಅಳ್ದು ಹೇಳು ಮಾರಾಯ. ಅಂದಾಜು ಹೇಳೋಕೆ ಮೇಷ್ಟ್ರು ಯಾಕೆ ಬೇಕು?"

ಆ ಬೇಸಿಗೆಯಲ್ಲಿ ಅವರ ಬೋರ್‌ವೆಲ್ ನೀರು ಇಳಿಯಿತು. ಮಗ ಬಚ್ಚಲಿಗೆ ಹೊಸದಾಗಿ ಶವರ್ ಹಾಕಿಸಿದ್ದ. ಮೇಷ್ಟ್ರಿಗೆ ಅದರ ಸದ್ದು ಕೇಳಿದರೇ ಆಗುತ್ತಿರಲಿಲ್ಲ.

"ನಾನು ಎರಡು ಚೊಂಬು ಹಾಕ್ಕೊಂಡು ಬರ್ತೀನಿ. ನಿಂಗೆ ಮಳೇನೇ ಸುರೀಬೇಕೇನು?" ಎಂದು ಸೊಸೆಯನ್ನು ಕೇಳಿದರು.

ಆಕೆ ಶಿಕಾರಿಪುರದವಳು, ಐದು ತಿಂಗಳ ಬಸುರಿ. "ಬಗ್ಗಿ ಬಗ್ಗಿ ಹೊಯ್ಕಳಾಕೆ ಆಗಲ್ರೀ ಮಾವ" ಎಂದಳು.

ಮೇಷ್ಟ್ರು ಮೇಲಿನ ಟ್ಯಾಂಕಿನ ವಾಲ್ವನ್ನೇ ಮುಚ್ಚಿದರು. ಎಲ್ಲರೂ ಅಂಗಳದ ತೊಟ್ಟಿಯಿಂದ ನೀರು ಹೊತ್ತುಕೊಳ್ಳಬೇಕಾಯಿತು. ಮಾವನ ಹಂಡೆ ತುಂಬಿಸುವುದೂ ಆಕೆಯ ಪಾಲಿಗೇ ಬಂತು. ವಾರ ಕಳೆದಿರಲಿಲ್ಲ, ಬಕೆಟ್ ಹಿಡಿದು ಬರುವಾಗ ಬಚ್ಚಲ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ.

ಆಕೆ ತವರಿಗೆ ಹೋದ ಮೇಲೆ ಮೇಷ್ಟ್ರು ನನ್ನನ್ನು ಕರೆಸಿದರು. ವಾಲ್ವ್ ತೆರೆದು, ಬಚ್ಚಲ ತೂತಿಗೆ ಹಳೇ ಬಟ್ಟೆ ತುರುಕಿದ್ದರು.

"ಶವರ್ ಕೆಳಗೆ ನಿಂತ್ಕೋ. ಸೋಪು ಹಚ್ಚುವಾಗ ನಿಲ್ಸು. ಅವಳು ಹಂಗೇ ಮಾಡ್ತಿದ್ಲಂತೆ."

ನಿಂತ ನೀರನ್ನು ಮೊಗೆದೆವು. ಒಂದೂವರೆ ಬಕೆಟ್. ಆಮೇಲೆ ಅವರು ಎಂದಿನಂತೆ ಹಂಡೆಯಿಂದ ಹೊಯ್ದುಕೊಂಡರು. ನಾನು ಹೊರಗೆ ನಿಂತು ಚೊಂಬು ಎಣಿಸಿದೆ. ಮೂವತ್ತು ದಾಟಿತು. ಮೊಗೆದರೆ ಮೂರು ಬಕೆಟ್ ತುಂಬಿ ಇನ್ನೂ ಉಳಿಯಿತು.

ನಮ್ಮ ಕಡೆ ಸ್ನಾನಕ್ಕೆ ಹೊರಟವರೆಲ್ಲ ಎರಡು ಚೊಂಬು ಎಂದೇ ಹೇಳುವುದು. ಯಾರೂ ಎರಡಕ್ಕೆ ನಿಲ್ಲಿಸುವುದಿಲ್ಲ. ನಮ್ಮ ಮೇಷ್ಟ್ರು ಮಾತ್ರ ಅದನ್ನು ಲೆಕ್ಕ ಎಂದು ನಂಬಿದ್ದರು.

"ಶವರ್ ಬಿಟ್ಟು ಮರೆತ್ರೆ ಐದು ಬಕೆಟ್ಟೂ ಹೋಗುತ್ತೆ ಸಾರ್" ಎಂದೆ, ಸಮಾಧಾನಕ್ಕೆ.

"ಅವಳು ಮರೀತಿರ್ಲಿಲ್ವಲ್ಲೋ."

ಮರುದಿನ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದರು. ಅಳತೆಯನ್ನೆಲ್ಲ ಸೊಸೆಗೆ ಹೇಳಿದರಂತೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. "ಹಂಡೆ ತುಂಬ್ಸೋಳ್ನ ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ರೀ" ಎಂದಳಂತೆ. ಇದನ್ನು ಅವರೇ ನನಗೆ ಹೇಳಿದರು, ಒಂದೇ ಸಲ.

ಆಮೇಲೆ ಪಾಠ ನಿಂತಿತು. ಲೆಕ್ಕದಲ್ಲಿ ಪಾಸಾದೆ ಎಂದು ಹೇಳಲು ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಸುದ್ದಿ ಕೇಳಿ ಗೋಡೆ ಕಡೆ ತಿರುಗಿಕೊಂಡರು. ಆ ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಹೋದರು. ಸೊಸೆ ಬಂದಿದ್ದಳು. ಬಾಗಿಲಲ್ಲೇ ನಿಂತಿದ್ದು ಹೋದಳು.